ಗೇಮ್ ಆರ್ಟ್ ಎಂಬ ಓದು: ಸಾಲಕ್ಕೆ ಸಹಿ ಹಾಕುವ ಮೊದಲು



ನಮ್ಮ ಪತ್ರಿಕೆಯಲ್ಲಿ ಕೊಳೆರೋಗ, ಕಾಯಿಕೊರಕ, ಮಾರುಕಟ್ಟೆ ಧಾರಣೆಗಳ ನಡುವೆ ಮಕ್ಕಳ ವಿದ್ಯಾಭ್ಯಾಸದ ಮಾತೂ ಆಗಾಗ ಬಂದಿರುವುದುಂಟು. ಕೃಷಿ ಪದವಿ, ಇಂಜಿನಿಯರಿಂಗ್, ವೈದ್ಯಕೀಯ, ಇವುಗಳ ಹಾದಿ ನಮಗೆ ಹೆಚ್ಚುಕಡಿಮೆ ಗೊತ್ತು. ಆದರೆ ಈಚೆಗೆ ಸಂಘದ ಕಚೇರಿಗೆ ಬರುವ ಸದಸ್ಯರು ಬೇರೆಯೇ ಒಂದು ಪ್ರಶ್ನೆಯನ್ನು ಹೊತ್ತು ತರುತ್ತಿದ್ದಾರೆ. "ಮಗಳು ಗೇಮ್ ಆರ್ಟ್ ಅಂತ ಏನೋ ಓದ್ತಾಳಂತೆ ಮಾರಾಯ್ರೆ. ಅದೂ ಒಂದು ಓದಾ? ಅದಕ್ಕೆ ತೋಟ ಅಡವಿಡಬಹುದಾ?"

ಎರಡನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೊದಲನೆಯದು ಬಗೆಹರಿಯಬೇಕು. ಆದಕಾರಣ ಈ ಲೇಖನ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸೋಣ. ಹಣ ಕಟ್ಟಿ ಆಡುವ ಆನ್‌ಲೈನ್ ರಮ್ಮಿ ಮುಂತಾದವುಗಳಿಂದ ಮನೆಗಳು ಹಾಳಾದದ್ದು ಎಲ್ಲರಿಗೂ ತಿಳಿದಿದೆ. ಅಂಥ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯಿದೆ ಮಾಡಿ ನಿಷೇಧಿಸಿತು. ನಾವು ಇಲ್ಲಿ ಹೇಳಹೊರಟಿರುವುದು ಆ ಜೂಜಿನ ವಿಷಯವಲ್ಲ. ಕಥೆ, ಚಿತ್ರ, ಚಲನೆ ಕೂಡಿದ, ಸಿನಿಮಾದಂತೆಯೇ ನೂರಾರು ಜನ ವರ್ಷಗಟ್ಟಲೆ ದುಡಿದು ಕಟ್ಟುವ ಆಟಗಳ ವಿಷಯ.

ಗೇಮ್ ಡಿಸೈನ್ ಬೇರೆ, ಗೇಮ್ ಆರ್ಟ್ ಬೇರೆ. ಚೆನ್ನೆಮಣೆಯನ್ನು ನೆನೆಯಿರಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಳು, ಯಾವಾಗ ಬಾಚಿಕೊಳ್ಳಬೇಕು, ಯಾವಾಗ ಸರದಿ ತಪ್ಪುತ್ತದೆ ಎಂಬುದನ್ನೆಲ್ಲ ಗೊತ್ತುಮಾಡಿದ್ದು ಡಿಸೈನ್. ಮರ ಆರಿಸಿ, ಗುಳಿಯನ್ನು ಕೈಗೆ ಹಿತವಾಗುವಂತೆ ನುಣ್ಣಗೆ ಕೊರೆದು, ಅಂಚಿಗೆ ಬಳ್ಳಿ ಕೆತ್ತಿದ್ದು ಆರ್ಟ್. ಇವೆರಡನ್ನೂ ಕಂಪ್ಯೂಟರಿನಲ್ಲಿ ಓಡುವಂತೆ ಮಾಡುವುದು ಪ್ರೋಗ್ರಾಮಿಂಗ್. ಅದಕ್ಕೆ ಗಣಿತ ಬೇಕು. ಆರ್ಟಿಗೆ ಬೇಕಾದದ್ದು ಕೈ ಮತ್ತು ಕಣ್ಣು. ಮಗ ಅಥವಾ ಮಗಳು ಇವುಗಳಲ್ಲಿ ಯಾವುದನ್ನು ಬಯಸುತ್ತಿದ್ದಾರೆಂದು ಕೇಳಿ ನೋಡಿ. "ಎಲ್ಲಾ ಒಂದೇ ಅಪ್ಪಾ" ಎಂಬ ಉತ್ತರ ಬಂದರೆ ಸ್ವಲ್ಪ ತಡೆಯಬೇಕು.

ಈ ಓದು ವಿಶ್ವವಿದ್ಯಾಲಯವನ್ನು ಹೊಕ್ಕ ಬಗೆ ನಮ್ಮಂಥ ಬೆಳೆಗಾರರು ಕೇಳತಕ್ಕ ಕಥೆ. ಅದು ಗೋಣಿ ಚೀಲದಿಂದ ಶುರುವಾಗುತ್ತದೆ.

ಸ್ಕಾಟ್‌ಲೆಂಡಿನ ಪೂರ್ವ ಕರಾವಳಿಯ ಡಂಡೀ ಎಂಬ ಪಟ್ಟಣ ಹತ್ತೊಂಬತ್ತನೆಯ ಶತಮಾನದಲ್ಲಿ ಬದುಕಿದ್ದು ಬಂಗಾಳದ ಸೆಣಬಿನ ಮೇಲೆ. ಒರಟು ನಾರನ್ನು ತಿಮಿಂಗಿಲದ ಎಣ್ಣೆಯಿಂದ ಮೆದುಮಾಡಿ ಯಂತ್ರದಲ್ಲಿ ನೂಲುವ ವಿದ್ಯೆ ಅವರಿಗೆ ಸಿದ್ಧಿಸಿತ್ತು. ಆದರೆ 1855ರಲ್ಲಿ ಹೂಗ್ಲಿ ದಂಡೆಯ ರಿಶ್ರಾದಲ್ಲಿ ಗಿರಣಿ ಎದ್ದಿತು. ಸೆಣಬು ಬೆಳೆಯುವ ನಾಡಿನಲ್ಲೇ ಚೀಲ ನೇಯುವುದು ಬೆಳೆದಂತೆ ಡಂಡೀ ಸೋಲುತ್ತ ಹೋಯಿತು. ಅಲ್ಲಿನ ಕೊನೆಯ ಸೆಣಬಿನ ಗಿರಣಿ ಮುಚ್ಚಿದ್ದು 1999ರಲ್ಲಿ. ಒಂದೇ ಬೆಳೆಯನ್ನು ನಂಬಿದ ಊರಿನ ಪಾಡು ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದರ ನಡುವೆ ಆ ಊರಿನ ಟೈಮೆಕ್ಸ್ ಕೈಗಡಿಯಾರದ ಕಾರ್ಖಾನೆ 1980ರ ದಶಕದ ಆರಂಭದಲ್ಲಿ ಸ್ಪೆಕ್ಟ್ರಮ್ ಎಂಬ ಅಗ್ಗದ ಮನೆಬಳಕೆ ಕಂಪ್ಯೂಟರನ್ನು ಜೋಡಿಸುತ್ತಿತ್ತು. ಊರ ಹುಡುಗರ ಕೈಗೆ ಕಂಪ್ಯೂಟರು ಬಂತು. ಟೈಮೆಕ್ಸ್‌ನಲ್ಲಿ ದುಡಿದು ಹೊರಬಂದ ಡೇವಿಡ್ ಜೋನ್ಸ್ ಎಂಬ ತರುಣ ಗೆಳೆಯರನ್ನು ಕೂಡಿಕೊಂಡು 1987ರಲ್ಲಿ ಡಿಎಂಎ ಡಿಸೈನ್ ಎಂಬ ಸಂಸ್ಥೆ ಕಟ್ಟಿದರು. ಅವರ 'ಲೆಮ್ಮಿಂಗ್ಸ್' ಆಟ 1991ರಲ್ಲಿ ಬಂತು. ಅದರ ಹುಟ್ಟು ಸ್ವಾರಸ್ಯವಾಗಿದೆ. ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕದೊಳಗೆ ನಡೆಯುವ ಮನುಷ್ಯನನ್ನು ತೋರಿಸಲು ಸಾಧ್ಯವೇ ಎಂದು ಮೈಕ್ ಡೈಲಿ ಎಂಬವರು ಪ್ರಯತ್ನಿಸಿದರು. ಒಟ್ಟು 64 ಚುಕ್ಕಿ! ಹಬ್ಬದ ರಂಗೋಲಿಗೆ ನಮ್ಮ ಹೆಣ್ಣುಮಕ್ಕಳು ಇದಕ್ಕಿಂತ ಹೆಚ್ಚು ಇಡುತ್ತಾರೆ. ಅಷ್ಟರಲ್ಲೇ ಹಸಿರು ಕೂದಲಿನ ಪುಟ್ಟ ಮನುಷ್ಯ ಹೆಜ್ಜೆ ಹಾಕಿದ. ಆ ಚಿತ್ರವನ್ನು ನೋಡಿಯೇ ಆಟದ ಕಲ್ಪನೆ ಮೂಡಿತು. 1997ರಲ್ಲಿ ಇದೇ ಸಂಸ್ಥೆಯಿಂದ 'ಗ್ರ್ಯಾಂಡ್ ಥೆಫ್ಟ್ ಆಟೋ' ಹೊರಬಂತು. ಅದರ ಹೆಸರನ್ನು ನಿಮ್ಮ ಮಕ್ಕಳ ಮುಂದೆ ಹೇಳಿ, ಅವರ ಮುಖ ನೋಡಿ.

ಅದೇ 1997ರಲ್ಲಿ ಡಂಡೀಯ ಅಬರ್ಟೇ ವಿಶ್ವವಿದ್ಯಾಲಯ ಕಂಪ್ಯೂಟರ್ ಗೇಮ್ಸ್ ಟೆಕ್ನಾಲಜಿಯಲ್ಲಿ ಪದವಿ ತೆರೆಯಿತು. ಜಗತ್ತಿನಲ್ಲಿ ಇಂಥದ್ದು ಅದೇ ಮೊದಲೆಂದು ಪ್ರತೀತಿ. ಮುಂದೆ ಚಿತ್ರಗಾರರಿಗೆ ಕಂಪ್ಯೂಟರ್ ಆರ್ಟ್ಸ್, ಆಟ ಯೋಜಿಸುವವರಿಗೆ ಗೇಮ್ ಡಿಸೈನ್ ಎಂದು ಬೇರೆ ಪದವಿಗಳೂ ಸೇರಿದವು.

ಇಂಥ ಪದವಿಯಲ್ಲಿ ಮಕ್ಕಳು ನಿಜವಾಗಿ ಮಾಡುವುದೇನು? ಆಟವಾಡುವುದಂತೂ ಅಲ್ಲ. ಮೊದಲಿಗೆ ಪೆನ್ಸಿಲು, ಕಾಗದ. ಮನುಷ್ಯನ ಮೈಕಟ್ಟು, ಎಲುಬು, ಸ್ನಾಯು, ದೂರ ಹತ್ತಿರದ ಲೆಕ್ಕ, ಬಣ್ಣ, ಬೆಳಕು. ಆಮೇಲೆ ಪಾತ್ರದ ಕಲ್ಪನೆ. ಯಕ್ಷಗಾನದಲ್ಲಿ ಕಟ್ಟಕಡೆಯ ಸಾಲಿನಲ್ಲಿ ಕೂತವನಿಗೂ ಇದು ಬಣ್ಣದ ವೇಷ, ಇದು ಪುಂಡುವೇಷ ಎಂದು ನೆರಳಿನ ಆಕಾರದಿಂದಲೇ ತಿಳಿಯುತ್ತದಲ್ಲವೇ? ಇವರೂ ಅದನ್ನೇ ಕಲಿಯುತ್ತಾರೆ. ಕಪ್ಪು ಮಸಿಯಲ್ಲಿ ತುಂಬಿದರೂ ಪಾತ್ರ ಗುರುತು ಸಿಗಬೇಕು.

ಬಳಿಕ ಕಂಪ್ಯೂಟರಿನಲ್ಲಿ ಮೂರು ಆಯಾಮದ ಗೊಂಬೆ ಕಟ್ಟುವ ಕೆಲಸ. ಗೊಂಬೆಯ ಮೈಯೆಲ್ಲ ಸಣ್ಣ ಸಣ್ಣ ತ್ರಿಕೋನಗಳು. ಸಿನಿಮಾದ ಒಂದು ಚಿತ್ರಕ್ಕೆ ಕಂಪ್ಯೂಟರು ಗಂಟೆಗಟ್ಟಲೆ ತೆಗೆದುಕೊಂಡರೂ ನಡೆದೀತು. ಆಟದಲ್ಲಿ ಸೆಕೆಂಡಿಗೆ 30 ಅಥವಾ 60 ಚಿತ್ರ ಆಗಿಂದಾಗಲೇ ಮೂಡಬೇಕು. ಆದ್ದರಿಂದ ತ್ರಿಕೋನ ಕಡಿಮೆ ಇರಬೇಕು, ಚೆಂದ ಕೆಡಬಾರದು. ಮುಂದೆ ಆ ಗೊಂಬೆಗೆ ಬಣ್ಣ ಹಚ್ಚುವ ಕ್ರಮವಿದೆ. ಅಡಿಕೆ ಹಾಳೆಯ ಟೊಪ್ಪಿಯ ಹೊಲಿಗೆ ಬಿಚ್ಚಿ ನೆಲದ ಮೇಲೆ ಚಪ್ಪಟೆ ಹರಡಿದಂತೆ ಗೊಂಬೆಯ ಚರ್ಮವನ್ನು ಬಿಚ್ಚಿ, ಹರಡಿ, ಅದರ ಮೇಲೆ ಬಣ್ಣ, ತುಕ್ಕು, ಧೂಳು, ಗೀರು ಬರೆದು ಮತ್ತೆ ಸುತ್ತುತ್ತಾರೆ. ಒಳಗೆ ಎಲುಬು ಕೂಡಿಸಿ ಕುಣಿಸುವುದು ಇನ್ನೊಂದು ವಿದ್ಯೆ, ಸೂತ್ರದ ಗೊಂಬೆಯಾಟದವರ ಕೆಲಸಕ್ಕೆ ಸಮೀಪವಾದದ್ದು. ಕೊನೆಯ ವರ್ಷಗಳಲ್ಲಿ ಚಿತ್ರಗಾರ, ಯೋಜಕ, ಪ್ರೋಗ್ರಾಮರ್ ಒಂದೇ ತಂಡವಾಗಿ ಒಂದು ಚಿಕ್ಕ ಆಟವನ್ನು ಗಡುವಿನೊಳಗೆ ಮುಗಿಸಬೇಕು. ನಮ್ಮ ಎಣಿಕೆಯಲ್ಲಿ ಇಡೀ ಓದಿನ ಸತ್ವ ಇರುವುದು ಇಲ್ಲಿಯೇ. ತಾನು ವಾರಗಟ್ಟಲೆ ಬರೆದ ಚಿತ್ರವನ್ನು ತಂಡದವರು ಬೇಡವೆಂದರೆ ಬದಿಗಿಟ್ಟು ಇನ್ನೊಂದನ್ನು ಬರೆಯುವ ಅಭ್ಯಾಸ ಮನೆಯಲ್ಲಿ ಒಬ್ಬರೇ ಕೂತು ಕಲಿತರೆ ಬರುವುದಿಲ್ಲ.

ಈ ಕಸುಬು ಸಮುದ್ರದಾಚೆ ಮಾತ್ರ ಇದೆಯೆಂದೇನೂ ಇಲ್ಲ. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಆರಂಭಿಸಿದ್ದೂ 1997ರಲ್ಲೇ. ಪರದೇಶದ ಆಟಗಳಿಗೆ ಕಾರು ಮುಂತಾದ ಚಿತ್ರಗಳನ್ನು ಮಾಡಿಕೊಟ್ಟು ಅದು ಬೆಳೆಯಿತು. ಡಂಡೀಯ ಡಿಎಂಎ ಡಿಸೈನ್ ಕೈ ಬದಲಾಗಿ ಇಂದು ಎಡಿನ್‌ಬರೋದಲ್ಲಿ ರಾಕ್‌ಸ್ಟಾರ್ ನಾರ್ತ್ ಎನಿಸಿಕೊಂಡಿದೆ. ಅದೇ ರಾಕ್‌ಸ್ಟಾರ್ ಬಳಗ 2019ರಲ್ಲಿ ಧ್ರುವವನ್ನು ಕೊಂಡಿತು. ಸೆಣಬು ಇಲ್ಲಿಂದ ಅಲ್ಲಿಗೆ ಹೋಗಿತ್ತು, ಆಟದ ಕೆಲಸ ಅಲ್ಲಿಂದ ಇಲ್ಲಿಗೆ ಬಂತು. ಕರ್ನಾಟಕ ಸರ್ಕಾರವೂ 2012ರಲ್ಲಿ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದು ನೀತಿಯೊಂದನ್ನು ತಂದಿತು. 2024ರಲ್ಲಿ ಹೊಸ ನೀತಿ ಬಂದಿದೆ.

ಇನ್ನು ಹಣದ ಮಾತು. ಸ್ಕಾಟ್‌ಲೆಂಡಿನ ಮಕ್ಕಳಿಗೆ ಅಲ್ಲಿನ ಪದವಿಯ ಬೋಧನಾ ಶುಲ್ಕವನ್ನು ಸರ್ಕಾರವೇ ಭರಿಸುತ್ತದೆ. ನಮ್ಮ ಮಕ್ಕಳು ಪೂರ್ತಿ ಕೊಡಬೇಕು. ಆನರ್ಸ್ ಪದವಿಗೆ ನಾಲ್ಕು ವರ್ಷ. ಊಟ ವಸತಿ ಸೇರಿದರೆ ಅರ್ಧ ಕೋಟಿಯನ್ನು ಸುಲಭವಾಗಿ ದಾಟುತ್ತದೆ. ಓದಿನ ನಂತರ ಬ್ರಿಟನ್ನಿನಲ್ಲಿ ಉಳಿದು ಕೆಲಸ ಹುಡುಕಲು ಇದ್ದ ಎರಡು ವರ್ಷದ ಅವಕಾಶವನ್ನು 18 ತಿಂಗಳಿಗೆ ಇಳಿಸುವುದಾಗಿ 2025ರಲ್ಲಿ ಅಲ್ಲಿನ ಸರ್ಕಾರ ಪ್ರಕಟಿಸಿತು. ಈ ಉದ್ಯಮದ ಧಾರಣೆಯೂ ಸ್ಥಿರವಲ್ಲ. ಕೊರೋನಾ ಕಾಲದಲ್ಲಿ ಜನ ಮನೆಯಲ್ಲೇ ಕೂತು ಆಡಿದರು, ಕಂಪನಿಗಳು ಬೇಕಾದಷ್ಟು ಜನರನ್ನು ಸೇರಿಸಿಕೊಂಡವು. ಅಡಿಕೆಗೆ ಧಾರಣೆ ಏರಿದಾಗ ನಾವು ಗದ್ದೆಗೆಲ್ಲ ಸಸಿ ನೆಡುವುದಿಲ್ಲವೇ, ಹಾಗೆ. 2023 ಮತ್ತು 2024ರಲ್ಲಿ ಸಾವಿರಗಟ್ಟಲೆ ಜನ ಕೆಲಸ ಕಳೆದುಕೊಂಡರು. ಮೈಕ್ರೋಸಾಫ್ಟ್ ಒಂದೇ 2024ರ ಜನವರಿಯಲ್ಲಿ ತನ್ನ ಆಟದ ವಿಭಾಗದ 1,900 ಮಂದಿಯನ್ನು ಬಿಡುವುದಾಗಿ ತಿಳಿಸಿತು. ಚಿತ್ರವನ್ನು ತಾನೇ ಬರೆಯುವ ಕೃತಕ ಬುದ್ಧಿಮತ್ತೆಯ ಭಯ ಇದರ ಮೇಲೆ ಬೇರೆ.

ಹಾಗಾದರೆ ಬೇಡವೇ? ಹಾಗೆನ್ನುವುದಿಲ್ಲ. ಈ ಕಸುಬಿನಲ್ಲಿ ಅಂಕಪಟ್ಟಿಗಿಂತ ಮೊದಲು ನೋಡುವುದು ಅಭ್ಯರ್ಥಿ ಮಾಡಿದ ಕೆಲಸಗಳ ಸಂಗ್ರಹವನ್ನು. ಅದಕ್ಕೆ ಪೋರ್ಟ್‌ಫೋಲಿಯೋ ಎನ್ನುತ್ತಾರೆ. ನಮ್ಮ ಸದಸ್ಯರೊಬ್ಬರ ಮಗ ಲಕ್ಷಗಟ್ಟಲೆ ಕೊಟ್ಟು ನಗರದ ಖಾಸಗಿ ಸಂಸ್ಥೆಯೊಂದರಲ್ಲಿ ಒಂದು ವರ್ಷದ ಸರ್ಟಿಫಿಕೇಟ್ ಪಡೆದ. ಅವನ ಪೋರ್ಟ್‌ಫೋಲಿಯೋ, ಪಕ್ಕದ ಬೆಂಚಿನವನದು ಎರಡೂ ಒಂದೇ ಅಚ್ಚು. ಅದೇ ಕತ್ತಿ, ಅದೇ ಪೀಪಾಯಿ, ಅದೇ ಕಾರು. ಏಳೆಂಟು ಕಡೆ ಸಂದರ್ಶನವಾದರೂ ಯಾರೂ ಕರೆಯಲಿಲ್ಲ. ಊರಿಗೆ ಬಂದು ಕೂತವನು ಬೇಸರಕ್ಕೆ ತಮ್ಮ ಮನೆಯ ಹಳೆಯ ಪಲ್ಪರ್ ಯಂತ್ರವನ್ನು, ಅದರ ತುಕ್ಕು, ಹಣ್ಣಿನ ಸಿಪ್ಪೆಯ ಕಲೆ, ಸವೆದ ಹಿಡಿ ಸಮೇತ ಕಂಪ್ಯೂಟರಿನಲ್ಲಿ ಕಟ್ಟಿದ. ಮುಂದಿನ ಸಂದರ್ಶನದಲ್ಲಿ ಬೇರೆಲ್ಲವನ್ನೂ ಬಿಟ್ಟು ಅದರ ಬಗ್ಗೆಯೇ ಕೇಳಿದರಂತೆ. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಸಂಬಳ ದೊಡ್ಡದೇನಲ್ಲ, ಸಾಲ ಇನ್ನೂ ತೀರಿಲ್ಲ.

ಆದ್ದರಿಂದ ನಮ್ಮ ಸಲಹೆ ಇಷ್ಟೆ. ತೋಟದ ಪತ್ರ ಹೊರತೆಗೆಯುವ ಮೊದಲು ಮಗು ಈಗಾಗಲೇ ಬರೆದಿರುವ ಚಿತ್ರಗಳನ್ನು ತರಿಸಿ ನೋಡಿ. ಯಾರೂ ಹೇಳದೆಯೇ ದಿನವೂ ಬರೆಯುವ ಕೈಯೇ ಎಂಬುದು ಮನೆಯವರಿಗೆ ಗೊತ್ತಿರುತ್ತದೆ. ಮೂರು ಆಯಾಮದ ಕೆಲಸಕ್ಕೆ ಬ್ಲೆಂಡರ್ ಎಂಬ ತಂತ್ರಾಂಶ ಪೂರ್ತಿ ಉಚಿತ. ಆರು ತಿಂಗಳು ಅದರಲ್ಲಿ ಕೈಯಾಡಿಸಲಿ, ಆಸೆ ಎಷ್ಟು ಗಟ್ಟಿ ಎಂದು ಅಷ್ಟರಲ್ಲಿ ತಿಳಿಯುತ್ತದೆ. ಯಾವ ಸಂಸ್ಥೆಗೆ ಹೋದರೂ ಕಳೆದ ವರ್ಷ ಮುಗಿಸಿದವರ ಪೋರ್ಟ್‌ಫೋಲಿಯೋ ತೋರಿಸಿ ಎಂದು ಕೇಳಿ. ತೋರಿಸದವರ ಬಾಗಿಲಿಗೆ ಮತ್ತೆ ಹೋಗಬೇಡಿ.

ಪರದೇಶಕ್ಕಿಂತ ಮೊದಲು ರಾಷ್ಟ್ರೀಯ ವಿನ್ಯಾಸ ಸಂಸ್ಥೆಯನ್ನು ವಿಚಾರಿಸುವುದು ಲೇಸು. ಅದರ ನಾಲ್ಕು ವರ್ಷದ ಬಿ.ಡೆಸ್. ಪದವಿಗೆ ಪಿಯುಸಿಯ ಕಲಾ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದವರೂ ಪ್ರವೇಶ ಪರೀಕ್ಷೆ ಬರೆಯಬಹುದು. ಬೆಂಗಳೂರಿನ ತುಮಕೂರು ರಸ್ತೆಯ ಅದರ ಶಾಖೆಯಲ್ಲಿ ಪದವೀಧರರಿಗೆ ಡಿಜಿಟಲ್ ಗೇಮ್ ಡಿಸೈನ್‌ನಲ್ಲೇ ಎಂ.ಡೆಸ್. ಇದೆ. ಅರ್ಜಿಯ ಅವಧಿ ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ, ಅಂದರೆ ನಾವು ಅಡಿಕೆ ಸುಲಿತ, ಕಾಫಿ ಕೊಯ್ಲುಗಳಲ್ಲಿ ಮುಳುಗಿರುವಾಗಲೇ ಬಂದು ಹೋಗುತ್ತದೆ. ಕೊನೆಯ ದಿನಾಂಕವನ್ನು ಮೊದಲೇ ವಿಚಾರಿಸಿ, ಆಳುಗಳ ಹಾಜರಿ ಬರೆಯುವ ಕ್ಯಾಲೆಂಡರಿನಲ್ಲೇ ಗುರುತು ಹಾಕಿಟ್ಟುಕೊಳ್ಳಿ.