ಕಚ್ಚಿದ ನಾಣ್ಯವೆಲ್ಲ ಎರರ್ ಕಾಯಿನ್ ಅಲ್ಲ

ಚಿಲ್ಲರೆಯಲ್ಲಿ ಬಂದ ರೂಪಾಯಿಯ ಅಂಚು ಕಚ್ಚಿದಂತಿದ್ದರೆ ಅಥವಾ ಅಕ್ಷರ ಮಾಸಿದ್ದರೆ ‘ಟಂಕಸಾಲೆಯ ತಪ್ಪು, ಲಕ್ಷ ಬೆಲೆ’ ಎಂದು ಎತ್ತಿಡುವವರು ಈಗ ಬಹಳ. ಯೂಟ್ಯೂಬ್ ವಿಡಿಯೊಗಳ ಕೃಪೆ! ಟಂಕಸಾಲೆಯಲ್ಲಿ ಲೋಹದ ಬಿಲ್ಲೆ ಕಾಲರ್ ಎಂಬ ಬಳೆಯೊಳಗೆ ಕೂರುತ್ತದೆ, ಮೇಲೊಂದು ಕೆಳಗೊಂದು ಅಚ್ಚು ಒತ್ತಿ ಎರಡೂ ಮುಖ ಮೂಡಿಸುತ್ತವೆ. ಬಿಲ್ಲೆ, ಅಚ್ಚು, ಬಳೆ ಇವುಗಳಲ್ಲಿ ಯಾವುದು ಕೈಕೊಟ್ಟರೆ ಹೀಗಾಗುತ್ತದೆ ಎಂದು ವಿವರಿಸಲು ಬಾರದ ದೋಷ ಬಹುತೇಕ ಹೊರಗೆ ಆದದ್ದೇ.

ಅಂಚಿನ ಕಡಿತವನ್ನೇ ನೋಡಿ. ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ, ಮೊದಲೇ ಬಿದ್ದ ತೂತಿನ ಮೇಲೆ ಪಂಚ್ ಅರೆಬರೆ ಬಿದ್ದರೆ ಬಿಲ್ಲೆಗೆ ಕಮಾನಿನಂಥ ಕೊರತೆ ಉಳಿಯುತ್ತದೆ. ಆಮೇಲೆ ಅಂಚು ಎಬ್ಬಿಸುವ ಯಂತ್ರದಲ್ಲಿ ಆ ಜಾಗ ಒತ್ತಡ ಕೊಡುವುದಿಲ್ಲ. ಹಾಗಾಗಿ ಸರಿಯಾಗಿ ಅದರ ಎದುರು ಬದಿಯ ಅಂಚೂ ಸಾಮಾನ್ಯವಾಗಿ ಸೊರಗಿರುತ್ತದೆ. ಕಡಿತದ ಪಕ್ಕದ ಅಕ್ಷರಗಳು ಅಂಚಿನತ್ತ ಎಳೆದಂತೆ ತೆಳುವಾಗುತ್ತವೆ. ಅರ ಹಾಕಿ ಕತ್ತರಿಸಿದ ನಾಣ್ಯದಲ್ಲಿ ಎದುರಂಚು ಗಟ್ಟಿಮುಟ್ಟು, ಅಕ್ಷರ ಮಾತ್ರ ಸೀಳಿದಂತೆ ಅರ್ಧಕ್ಕೆ ನಿಂತಿರುತ್ತದೆ.

ಗೆರೆ ಕಂಡರೆ ಉಗುರಾಡಿಸಿ. ಅಚ್ಚು ಬಿರುಕು ಬಿಟ್ಟಿದ್ದರೆ ಲೋಹ ಆ ಬಿರುಕಿನೊಳಗೆ ನುಗ್ಗುವುದರಿಂದ ನಾಣ್ಯದ ಮೇಲೆ ಉಬ್ಬುಗೆರೆ ಬರುತ್ತದೆ. ತಗ್ಗಾಗಿ ಕೊರೆದ ಗೆರೆ ಸಾಮಾನ್ಯವಾಗಿ ಗೀರು, ಅಷ್ಟೆ.

‘ಕನ್ನಡಿ ಬಿಂಬದ ನಾಣ್ಯ’ದಲ್ಲಿ ಮೋಸ ಹೆಚ್ಚು. ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡು ಮುಂದಿನ ಬಿಲ್ಲೆಯನ್ನು ಒತ್ತಿದರೆ, ಅದರ ಒಂದು ಮುಖದಲ್ಲಿ ತಿರುಗುಮುರುಗಾದ ತಗ್ಗು ಚಿತ್ರ ಮೂಡುತ್ತದೆ. ಇನ್ನೊಂದು ಮುಖ ಚೊಕ್ಕವಾಗಿರುತ್ತದೆ. ಎರಡು ನಾಣ್ಯ ಜೋಡಿಸಿ ವೈಸ್‌ಗೆ ಸಿಕ್ಕಿಸಿದ್ದಾದರೆ, ತಗ್ಗು ಚಿತ್ರದಡಿ ಮೂಲ ಅಚ್ಚಿನ ಅವಶೇಷ ಇಣುಕುತ್ತದೆ, ಹಿಂಬದಿಯೂ ಚಪ್ಪಟೆಯಾಗಿರುತ್ತದೆ.

‘ತಾಮ್ರದ ಒಂದು ರೂಪಾಯಿ’ ಸಿಕ್ಕಿತೇ? 1992ರಲ್ಲಿ ಬಂದ ಸ್ಟೀಲ್ ರೂಪಾಯಿ 4.85 ಗ್ರಾಂ, 2011ರ ಚಿಕ್ಕದು 3.79 ಗ್ರಾಂ. ಎರಡಕ್ಕೂ ಅಯಸ್ಕಾಂತ ಅಂಟುತ್ತದೆ. ಕೆಂಪು ಬಣ್ಣದ ನಾಣ್ಯಕ್ಕೂ ಅಂಟಿದರೆ ಅದು ಯಾರೋ ಲೇಪ ಹಾಕಿಸಿದ ಮಾಲು. ಎರಡೂ ಕಡೆ ಒಂದೇ ಮುಖವಿರುವ ನಾಣ್ಯ ಹೆಚ್ಚಾಗಿ ಜಾದೂಗಾರರ ಸರಕು: ಅಂಚಿನೊಳಗೆ ಭೂತಗನ್ನಡಿ ಹಿಡಿದರೆ ಬೆಸುಗೆಯ ಸಂದು ಕಾಣುತ್ತದೆ.

ಇನ್ನು ಬೆಲೆ. ವೈಷ್ಣೋದೇವಿಯ ಚಿತ್ರವಿರುವ 2012ರ ಐದು, ಹತ್ತು ರೂಪಾಯಿ ನಾಣ್ಯ ದೋಷವೇ ಅಲ್ಲ, ಸ್ಮಾರಕವಾಗಿ ಹೊರಬಂದು ಚಲಾವಣೆಯಲ್ಲಿ ಓಡಾಡಿದ ನಾಣ್ಯ. ನಿಜವಾದ ಸಣ್ಣಪುಟ್ಟ ಅಚ್ಚುದೋಷಕ್ಕೂ ಸಂಗ್ರಾಹಕರು ಕೊಡುವುದು ಅಲ್ಪಸ್ವಲ್ಪವೇ. ಕೈಯಲ್ಲಿರುವುದು ಅಸಲಿ ಅನ್ನಿಸಿದರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಇದ್ದ ಬೆಲೆಯೂ ಹೋದೀತು. ‘ನಿಮ್ಮ ನಾಣ್ಯ ಮಾರಿಸುತ್ತೇವೆ, ಮೊದಲು ಶುಲ್ಕ ಕಟ್ಟಿ’ ಎಂದು ಫೋನ್ ಬಂದರೆ ಕಟ್ ಮಾಡಿ. ಇಂಥ ವ್ಯವಹಾರದಲ್ಲಿ ತಾನಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿದೆ.