ಆಟದ ನಡುವೆ ಇಂಟರ್ನೆಟ್ ತೊದಲುವುದೇಕೆ?

ರಾತ್ರಿ ಎಂಟೂವರೆ. ಅಡುಗೆಮನೆಯಲ್ಲಿ ಸಾರು ಕುದಿಯುತ್ತಿದೆ. ಇದ್ದಕ್ಕಿದ್ದಂತೆ ಒಳಕೋಣೆಯಿಂದ ಮಗನ ಕೂಗು: 'ಅಯ್ಯೋ, ಸತ್ತೆ!' ಅಜ್ಜಿ ಜಪಮಾಲೆ ಕೆಳಗಿಟ್ಟು ಧಾವಿಸುತ್ತಾರೆ. ಸತ್ತದ್ದು ಆಟದೊಳಗಿನ ಸೈನಿಕ; ಕೊಂದದ್ದು, ಮಗನ ಪ್ರಕಾರ, ಮನೆಯ ಇಂಟರ್ನೆಟ್. 'ಇನ್ನೂ ದೊಡ್ಡ ಪ್ಲಾನ್ ಹಾಕಿಸಪ್ಪ' ಎಂಬ ಬೇಡಿಕೆ ಹಿಂದೆಯೇ ಬರುತ್ತದೆ. 'ಓದೋದು ಬಿಟ್ಟು...' ಎಂಬ ಅಪ್ಪನ ಉತ್ತರವೂ ಸಿದ್ಧವಿರುತ್ತದೆ.

ಇಬ್ಬರೂ ಒಂದು ನಿಮಿಷ ತಡೆಯಬೇಕು. ಮಗನ ದೂರು ನಿಜವಿರಬಹುದು, ಆದರೆ ಅವನು ಹೇಳುವ ಮದ್ದು ಬಹುಮಟ್ಟಿಗೆ ತಪ್ಪು. ಆಡುವಾಗ ಹರಿಯುವ ಮಾಹಿತಿ ತೀರ ಅಲ್ಪ. ಪುಟ್ಟ ಪುಟ್ಟ ಸಂದೇಶಗಳು ಸೆಕೆಂಡಿಗೆ ಹತ್ತಾರು ಬಾರಿ, ಹೊತ್ತಿಗೆ ಸರಿಯಾಗಿ ಹೋಗಿ ಬರಬೇಕು, ಅಷ್ಟೆ. 50 ಸೀಟಿನ ಬಸ್ಸಿನ ಬದಲು 100 ಸೀಟಿನದನ್ನು ಬಿಟ್ಟರೆ ಹೆಚ್ಚು ಜನ ಹಿಡಿಸುತ್ತಾರೆ ನಿಜ. ತುಮಕೂರಿನಲ್ಲಿ ಹತ್ತಿದವರು ಬೆಂಗಳೂರನ್ನು ಬೇಗ ಮುಟ್ಟುತ್ತಾರೆಯೇ? ಈ ಹೋಗಿಬರುವ ಸಮಯಕ್ಕೆ ಪಿಂಗ್ ಎನ್ನುತ್ತಾರೆ. ಅಳತೆ ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರದ ಒಂದು ಪಾಲು. ಆನ್‌ಲೈನ್ ಪಾಠದಲ್ಲಿ ಮೇಷ್ಟ್ರ ದನಿ ಕತ್ತರಿಸಿ ಹೋಗುವುದಕ್ಕೂ ಅನೇಕ ಸಲ ಇದೇ ಕಾರಣ. ಆದ್ದರಿಂದ ಇದು ಬರೀ ಆಟದ ಮಾತಲ್ಲ.

ಪರೀಕ್ಷೆ ಸುಲಭ. ಕಂಪ್ಯೂಟರಿನ ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿ, ಐ, ಎನ್, ಜಿ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಒತ್ತಿ, ಜಾಗ ಬಿಟ್ಟು ರೂಟರಿನ ವಿಳಾಸ ಬರೆಯಿರಿ. ವಿಳಾಸ ಸಾಮಾನ್ಯವಾಗಿ ರೂಟರಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಅನೇಕ ಮನೆಗಳಲ್ಲಿ 192.168.1.1. ನಾಲ್ಕೈದು ಸಲ ಮಾಡಿ ನೋಡಿ. ಉತ್ತರ ಐದಾರು ಮಿಲಿಸೆಕೆಂಡಿನೊಳಗೆ ಬರುತ್ತಿದ್ದರೆ ಮನೆಯೊಳಗಿನ ಹಾದಿ ಚೆನ್ನಾಗಿದೆ. ಒಮ್ಮೆ 3, ಒಮ್ಮೆ 90, ಇನ್ನೊಮ್ಮೆ ಉತ್ತರವೇ ಇಲ್ಲ ಎಂದಾದರೆ ದೋಷ ನಿಮ್ಮ ಗೋಡೆಗಳ ನಡುವೆಯೇ ಇದೆ. ಕಂಪನಿಯನ್ನು ಬೈದು ಫಲವಿಲ್ಲ.

ಹೆಚ್ಚಾಗಿ ಅದು ವೈಫೈ ದೋಷ. 2.4 ಗಿಗಾಹರ್ಟ್ಸ್ ಅಲೆಯನ್ನು ಅಕ್ಕಪಕ್ಕದ ರೂಟರುಗಳು, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಹಂಚಿಕೊಳ್ಳುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ನೂಕುನುಗ್ಗಲು ಕಡಿಮೆ, ಗೋಡೆ ದಾಟುವ ಶಕ್ತಿಯೂ ಕಡಿಮೆ. ಟೀವಿಯ ಹಿಂದೆ ಅಡಗಿಸಿಟ್ಟ ರೂಟರನ್ನು ಬಯಲಿಗೆ ತನ್ನಿ. ಎಲ್ಲಕ್ಕಿಂತ ಉತ್ತಮ, ರೂಟರಿನಿಂದ ನೇರವಾಗಿ ಒಂದು ಲ್ಯಾನ್ ಕೇಬಲ್. ಹಾಲಿನಲ್ಲಿ ತಂತಿ ಹಾಯ್ದರೆ ಚಂದ ಕಾಣದು, ಒಪ್ಪೋಣ. ಆದರೆ ತಂತಿಯೊಳಗೆ ನೆರೆಮನೆಯವರು ನುಗ್ಗುವುದಿಲ್ಲ.

ರೂಟರಿನವರೆಗೆ ಎಲ್ಲ ಸರಿಯಿದ್ದರೆ, ಹೊರಗಿನ 8.8.8.8 ಎಂಬ ವಿಳಾಸಕ್ಕೆ ಅದೇ ಪರೀಕ್ಷೆ ಮಾಡಿ. ಮೊದಲು ಎಲ್ಲರ ಫೋನುಗಳ ವೈಫೈ ಆರಿಸಿ, ಆಮೇಲೆ ಹಚ್ಚಿ. ಕಳ್ಳ ಸಿಕ್ಕಿಬೀಳುವುದು ಇಲ್ಲಿಯೇ. ಮದುವೆಗೆ ಹೋಗಿಬಂದ ಅಪ್ಪನ ಫೋನು ಮೇಜಿನ ಮೇಲೆ ಸುಮ್ಮನೆ ಮಲಗಿರುತ್ತದೆ. ಆದರೆ ಒಳಗೊಳಗೇ ಮುನ್ನೂರು ಫೋಟೊಗಳನ್ನು ಒಂದೊಂದಾಗಿ ಮೇಲಕ್ಕೆ ಕಳಿಸುತ್ತಿರುತ್ತದೆ! ರೂಟರು ಅವನ್ನೆಲ್ಲ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ, ಮಗನ ಪುಟ್ಟ ಸಂದೇಶ ಆ ಸಾಲಿನ ಕೊನೆಯಲ್ಲಿ ಕಾಯುತ್ತದೆ. 2010ರಲ್ಲಿ ಅಮೆರಿಕದ ಜಿಮ್ ಗೆಟಿಸ್ ಎಂಬ ತಂತ್ರಜ್ಞರಿಗೆ ತಮ್ಮ ಮನೆಯಿಂದ ದೊಡ್ಡ ಕಡತ ಕಳಿಸುವಾಗ ಇದೇ ಅನುಭವವಾಯಿತು. ಅವರು ಇಟ್ಟ ಹೆಸರು ಬಫರ್‌ಬ್ಲೋಟ್. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಈ ಸಾಲನ್ನು ಚಿಕ್ಕದಾಗಿಡುವ ಉಪಾಯ ಪ್ರಕಟಿಸಿದರು. ಅಂಥ ಸೌಕರ್ಯ ಕೆಲವು ರೂಟರುಗಳಲ್ಲಿದೆ. ಇಲ್ಲದಿದ್ದರೆ ಫೋಟೊ ರವಾನೆಯನ್ನು ಎಲ್ಲರೂ ಮಲಗಿದ ಮೇಲೆ ಇಟ್ಟುಕೊಳ್ಳಿ. ಖರ್ಚಿಲ್ಲ.

ದೂರಕ್ಕೆ ಮಾತ್ರ ಮದ್ದಿಲ್ಲ. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಬೆಂಗಳೂರಿನಿಂದ ಸುಮಾರು 3,200 ಕಿ.ಮೀ. ದೂರದ ಸಿಂಗಪುರಕ್ಕೆ ಹೋಗಿಬರಲು 32 ಮಿಲಿಸೆಕೆಂಡಾದರೂ ಬೇಕು. ಆಟದ ಸೆಟ್ಟಿಂಗ್ಸ್‌ನಲ್ಲಿ ಮುಂಬಯಿ ಇದ್ದರೆ ಅದನ್ನೇ ಆರಿಸಿ.

ಇಷ್ಟೆಲ್ಲ ಆದ ಮೇಲೂ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಅಂಕಿ ಏರುತ್ತಿದೆಯೇ? ಈಗ ಕಂಪನಿಗೆ ಫೋನು ಮಾಡುವ ಸಮಯ. 'ನೆಟ್ ಸ್ಲೋ ಇದೆ' ಎಂದರೆ 'ರೂಟರ್ ಆಫ್ ಮಾಡಿ ಆನ್ ಮಾಡಿ ಸಾರ್' ಎಂಬ ಉತ್ತರ ಬರುತ್ತದೆ. 'ರೂಟರಿಗೆ 1, ಹೊರಗೆ 180, ಮೂರು ರಾತ್ರಿಯಿಂದ ಬರೆದಿಟ್ಟಿದ್ದೇನೆ' ಎಂದು ಹೇಳಿ ನೋಡಿ. ಲೈನ್ ನೋಡಲು ಯಾರಾದರೂ ಬಂದಾರು.