ಎಂಡೋಸಲ್ಫಾನ್ ತುಂತುರೂ ಆರೈಕೆಯ ಲೆಕ್ಕವೂ

ದಕ್ಷಿಣ ಕನ್ನಡದ ಭೂಪಟವನ್ನು ಎದುರಿಗೆ ಹರಡಿಕೊಂಡು ಬಂಟ್ವಾಳದಿಂದ ಮೂಡಣ ದಿಕ್ಕಿಗೆ ಬೆರಳನ್ನು ಸರಿಸುತ್ತ ಹೋದರೆ, ಘಟ್ಟದ ಬುಡದಲ್ಲಿ ಬೆಳ್ತಂಗಡಿ ತಾಲೂಕು ಸಿಕ್ಕುವುದು. ಅದರ ದಕ್ಷಿಣದ ಅಂಚಿನಲ್ಲಿ ಕೊಕ್ಕಡವೆಂಬ ಗ್ರಾಮವಿದೆ. ಮಂಗಳೂರಿನಿಂದ ಅಲ್ಲಿಗೆ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ. ಆ ಸೀಮೆಯ ನೆಲದ ರಚನೆಯನ್ನು ವಾಚಕರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಮುರಕಲ್ಲಿನ ಗುಡ್ಡ, ಅದರ ನೆತ್ತಿಯಲ್ಲಿ ಗೇರುತೋಪು, ಇಳಿಜಾರು ಮುಗಿಯುವಲ್ಲಿ ಮನೆ, ಬಾವಿ, ದನದ ಕೊಟ್ಟಿಗೆ, ಅದಕ್ಕೂ ಕೆಳಗೆ ಅಡಿಕೆಯ ತೋಟ, ತೋಟದ ನಡುವೆ ತೋಡು. ಗುಡ್ಡದ ಮೇಲೆ ಏನನ್ನು ಚೆಲ್ಲಿದರೂ ಅದು ಕೆಳಗಿನ ಮನೆಯವನ ಪಾಲಿಗೆ ಬಂದೇ ತೀರುವುದೆಂಬುದಕ್ಕೆ ಯಾವ ಪ್ರಯೋಗವೂ ಬೇಡ.

ಕರ್ನಾಟಕ ಗೇರು ಅಭಿವೃದ್ಧಿ ನಿಗಮವು 1978ರಲ್ಲಿ ಸ್ಥಾಪಿತವಾಯಿತು. ಗೇರು ಚಿಗುರಿ ಹೂ ಬಿಡುವ ಚಳಿಗಾಲದಲ್ಲಿ ಟೀ ಸೊಳ್ಳೆಯೆಂಬ ಕೀಟವು ಚಿಗುರಿನ ರಸವನ್ನು ಹೀರಿ ಫಸಲನ್ನು ಕೆಡಿಸುವುದುಂಟು. ಅದನ್ನು ಕೊಲ್ಲಲು 1980ರ ಸುಮಾರಿನಿಂದ 2000ದ ಸುಮಾರಿನವರೆಗೆ, ಎರಡು ದಶಕಗಳ ಕಾಲ, ಸರ್ಕಾರಿ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸಲಾಯಿತು. ನೆರೆಯ ಕಾಸರಗೋಡಿನಲ್ಲಿಯೂ ಕೇರಳದ ತೋಟಗಾರಿಕಾ ನಿಗಮವು ಇದನ್ನೇ ಮಾಡಿತು. ಅಲ್ಲಿಯ ಪಡ್ರೆ ಗ್ರಾಮದ ವೈದ್ಯರಾದ ವೈ. ಎಸ್. ಮೋಹನ ಕುಮಾರರೂ ಪತ್ರಕರ್ತ ಶ್ರೀ ಪಡ್ರೆಯವರೂ, ಊರಿನ ಮಕ್ಕಳಲ್ಲಿ ಕಾಣುತ್ತಿದ್ದ ವಿಚಿತ್ರ ವ್ಯಾಧಿಗಳ ಕಡೆಗೆ ಹೊರಗಿನ ಜಗತ್ತು ತಿರುಗಿ ನೋಡುವಂತೆ ಮಾಡಿದರು.

ಈ ಪದಾರ್ಥವಾದರೂ ಯಾವುದು? ಒಂಬತ್ತು ಇಂಗಾಲ, ಆರು ಜಲಜನಕ, ಆರು ಕ್ಲೋರೀನ್, ಮೂರು ಆಮ್ಲಜನಕ ಮತ್ತು ಒಂದು ಗಂಧಕ ಪರಮಾಣುಗಳಿಂದಾದ ಅಣು ಎಂಡೋಸಲ್ಫಾನ್. ನಮ್ಮ ಮೆದುಳಿನಲ್ಲಿ ನರಕೋಶಗಳನ್ನು ಕೆರಳಿಸುವ ಸಂಕೇತಗಳಿರುವಂತೆಯೇ ಅವನ್ನು ಶಾಂತಗೊಳಿಸುವ ಸಂಕೇತಗಳೂ ಉಂಟು. ಗಾಬಾ ಎಂಬ ರಾಸಾಯನಿಕವು ನರಕೋಶದ ಪೊರೆಯಲ್ಲಿರುವ ಒಂದು ಬಾಗಿಲನ್ನು ತೆರೆದು ಕ್ಲೋರೈಡ್ ಅಯಾನುಗಳನ್ನು ಒಳಗೆ ಬಿಡುವುದು, ಕೋಶವು ತಣಿಯುವುದು. ಎಂಡೋಸಲ್ಫಾನ್ ಈ ಬಾಗಿಲಿಗೆ ಅಗುಳಿ ಹಾಕುತ್ತದೆ. ತಣಿಸುವವರಿಲ್ಲದ ಕೋಶಗಳು ಒಂದೇ ಸಮನೆ ಕೆರಳಿ ಸೆಳವು ಬರುವುದು. ಕೀಟವು ಸಾಯುವುದು ಹೀಗೆಯೇ. ಕೀಟದ ನರಕ್ಕೂ ಮನುಷ್ಯನ ನರಕ್ಕೂ ಈ ವಿಷಯದಲ್ಲಿ ಇರುವ ಭೇದ ಬಹಳ ಸ್ವಲ್ಪ.

ಇನ್ನು ಹನಿಗಳ ಪ್ರಯಾಣವನ್ನು ನೋಡೋಣ. ಇದು ನಮ್ಮ ಭೌತಶಾಸ್ತ್ರಕ್ಕೆ ಸೇರಿದ ಮಾತು. ಗಾಳಿಯಲ್ಲಿ ಬೀಳುವ ಸಣ್ಣ ಹನಿಯು ಕ್ಷಣಕಾಲ ವೇಗವನ್ನು ಹೆಚ್ಚಿಸಿಕೊಂಡು, ಗಾಳಿಯ ತಡೆಯು ತನ್ನ ತೂಕಕ್ಕೆ ಸಮನಾದೊಡನೆ ಒಂದೇ ವೇಗದಲ್ಲಿ ಇಳಿಯತೊಡಗುವುದು. ಈ ಅಂತ್ಯವೇಗವು ಹನಿಯ ವ್ಯಾಸದ ವರ್ಗವನ್ನು ಅನುಸರಿಸುವುದೆಂದು ಸ್ಟೋಕ್ಸನು 1851ರಲ್ಲಿ ತೋರಿಸಿಕೊಟ್ಟನು. ಮಿಲಿಮೀಟರಿನ ಹತ್ತನೆಯ ಒಂದಂಶ ವ್ಯಾಸವುಳ್ಳ ಹನಿ ಸೆಕೆಂಡಿಗೆ ಸುಮಾರು 27 ಸೆಂಟಿಮೀಟರಿನಂತೆ ಇಳಿದರೆ, ಅದರರ್ಧ ವ್ಯಾಸದ ಹನಿ ಏಳೂವರೆ ಸೆಂಟಿಮೀಟರಿನಂತೆ, ಐದನೆಯ ಒಂದಂಶ ವ್ಯಾಸದ್ದು ಒಂದು ಸೆಂಟಿಮೀಟರಿಗಿಂತ ತುಸುವೇ ಹೆಚ್ಚಾಗಿ ಇಳಿಯುವುದು. ಹತ್ತು ಮೀಟರ್ ಎತ್ತರದಿಂದ ಬಿಟ್ಟರೆ ಮೊದಲನೆಯದು 37 ಸೆಕೆಂಡುಗಳಲ್ಲಿ ನೆಲಕ್ಕೆ ಬರುವುದು. ಕೊನೆಯದಕ್ಕೆ ಹದಿಮೂರು ಹದಿನಾಲ್ಕು ನಿಮಿಷ ಬೇಕು. ಅಷ್ಟರಲ್ಲಿ ಸೆಕೆಂಡಿಗೆ ಎರಡು ಮೀಟರಿನಂತೆ ಬೀಸುವ ಎಳೆಗಾಳಿಯೂ ದೊಡ್ಡ ಹನಿಯನ್ನು 75 ಮೀಟರ್ ದೂರಕ್ಕೂ, ಸಣ್ಣದನ್ನು ಒಂದೂವರೆ ಕಿಲೋಮೀಟರಿಗೂ ಆಚೆಗೂ ಒಯ್ಯುವುದು. ಹನಿಗಳು ಹಾದಿಯಲ್ಲಿ ಆರುತ್ತ ಇನ್ನೂ ಕಿರಿದಾಗುವುದರಿಂದ ನಿಜವಾದ ದೂರ ಇದಕ್ಕೂ ಮಿಗಿಲು. ಗೇರುಮರದ ತಲೆಯಿಂದ ಎರಡು ಮೂರು ಮೀಟರ್ ಎತ್ತರದಲ್ಲಿಯೇ ಹಾರಬೇಕು, ಬಾವಿಗಳನ್ನು ಮುಚ್ಚಿಸಬೇಕು ಎಂಬ ನಿಯಮಗಳು ಈ ಕಾರಣದಿಂದಲೇ ಹುಟ್ಟಿದುವು. ಏರುತಗ್ಗುಗಳ ಗುಡ್ಡಸೀಮೆಯಲ್ಲಿ ಅಷ್ಟು ತಗ್ಗಾಗಿ ಹಾರುವುದು ಸಾಧ್ಯವೆ ಎಂದು ನಿಯಮ ಬರೆದವರು ಯೋಚಿಸಿದಂತಿಲ್ಲ.

ರೋಗಗಳಿಗೆಲ್ಲ ಇದೇ ಕಾರಣವೆಂದು ಹೇಗೆ ಹೇಳುವುದು? ಒಂದು ಮಗುವನ್ನು ಮುಂದಿಟ್ಟುಕೊಂಡು ಹಾಗೆ ನಿರ್ಣಯಿಸುವುದು ಅಸಾಧ್ಯವೇ ಸರಿ; ಸೆಳವು, ಬುದ್ಧಿಮಾಂದ್ಯ, ಅಂಗವೈಕಲ್ಯಗಳು ಸಿಂಪಡಣೆ ಇಲ್ಲದ ಊರುಗಳಲ್ಲಿಯೂ ಉಂಟು. ಊರನ್ನು ಊರಿನೊಡನೆ ಹೋಲಿಸಬೇಕು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಪಡ್ರೆಯ ಮಕ್ಕಳನ್ನು ಸಿಂಪಡಣೆಯಿಲ್ಲದ ಇನ್ನೊಂದು ಗ್ರಾಮದ ಮಕ್ಕಳೊಡನೆ ಹೋಲಿಸಿದರು. 2003ರಲ್ಲಿ ಪ್ರಕಟವಾದ ವರದಿಯಲ್ಲಿ 117 ಹುಡುಗರನ್ನು 90 ಹುಡುಗರೊಡನೆ ತೂಗಿ ನೋಡಿ, ಮೊದಲ ಗುಂಪಿನವರಲ್ಲಿ ಪ್ರಾಯದ ಬೆಳವಣಿಗೆ ತಡವಾಗುತ್ತಿದೆಯೆಂದು ಕಂಡರು. ಸಂಬಂಧವೇ ಇಲ್ಲವೆಂದು ಹೇಳಿದ ಸಮಿತಿಗಳೂ ಇದ್ದುವು. ವಾದವು ಬಹುಕಾಲ ನಡೆಯಿತು. ಕೊನೆಗೆ 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಇದರ ಬಳಕೆಯನ್ನು ತಡೆಯಿತು. ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಇದನ್ನು ತೊರೆಯಬೇಕಾದ ವಿಷಗಳ ಪಟ್ಟಿಗೆ ಸೇರಿಸಿದುವು. ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶಕ್ಕೆಲ್ಲ ಅನ್ವಯಿಸುವ ತಡೆಯಾಜ್ಞೆ ಕೊಟ್ಟಿತು.

ಸಿಂಪಡಣೆ ನಿಂತು ಎರಡು ದಶಕಗಳು ಕಳೆದುವಷ್ಟೆ. ನೆಲದಲ್ಲಿ ಉಳಿದದ್ದು ಎಷ್ಟು? ಎಂಡೋಸಲ್ಫಾನ್ ಹಾಗೂ ಅದು ಮಾರ್ಪಟ್ಟು ಆಗುವ ಸಲ್ಫೇಟು ಇವೆರಡನ್ನೂ ಕೂಡಿಸಿ ಮಣ್ಣಿನಲ್ಲಿ ಅರ್ಧಾಯುಷ್ಯವು 9 ತಿಂಗಳಿಂದ 6 ವರ್ಷಗಳವರೆಗೆ ಎಂದು ಅಂದಾಜಿದೆ. ಆರು ವರ್ಷವೆಂದೇ ಹಿಡಿದರೂ 24 ವರ್ಷಗಳಲ್ಲಿ ಹದಿನಾರನೆಯ ಒಂದು ಪಾಲು ಮಾತ್ರ ಉಳಿಯುವುದು. ಒಂಬತ್ತು ತಿಂಗಳೆಂದರೆ ನಾನೂರು ಕೋಟಿಯಲ್ಲಿ ಒಂದು ಪಾಲೂ ಇರದು. ವಿಷದ ರೇಖೆಯು ಹೀಗೆ ಇಳಿಯುತ್ತಿದೆ. ಆದರೆ ಅದೇ ಕಾಗದದ ಮೇಲೆ ಇನ್ನೊಂದು ರೇಖೆಯನ್ನು ಎಳೆಯಬೇಕಾಗಿದೆ. ಅದು ಏರುತ್ತಿರುವ ರೇಖೆ. 1990ರಲ್ಲಿ ಎರಡು ವರ್ಷದ ಮಗುವಾಗಿದ್ದು ತಾಯಿಯ ಕಂಕುಳಲ್ಲಿದ್ದವನು ಈಗ ಮೂವತ್ತು ದಾಟಿದ ಗಂಡಸು. ಅವನನ್ನು ಎತ್ತಿ ಸ್ನಾನ ಮಾಡಿಸುವ ತಾಯಿಗೆ ಅರುವತ್ತು ವಯಸ್ಸು. ಮಗನ ತೂಕ ಹೆಚ್ಚಿದೆ, ತಾಯಿಯ ತೋಳಿನ ಬಲ ಕುಗ್ಗಿದೆ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಸಂತ್ರಸ್ತರೆಂದು ಗುರುತಿಸಲ್ಪಟ್ಟವರು ಮೂರು ಸಾವಿರಕ್ಕೂ ಮಿಗಿಲು. ಬೆಳ್ತಂಗಡಿ, ಪುತ್ತೂರು, ಬಂಟ್ವಾಳ ಸೀಮೆಗಳಲ್ಲಿ ಅವರು ಹಂಚಿಹೋಗಿದ್ದಾರೆ. ತಾಯಿ ತಂದೆಗಳ ಕಾಲಾನಂತರ ಇವರ ಗತಿಯೇನೆಂಬುದು ಆ ಮನೆಗಳಲ್ಲಿ ಪ್ರತಿರಾತ್ರಿಯ ಪ್ರಶ್ನೆ.

ಸರ್ಕಾರವು ಏನನ್ನೂ ಮಾಡಿಲ್ಲವೆನ್ನುವಂತಿಲ್ಲ. ಜನರ ಹೋರಾಟ ಮತ್ತು ಉಚ್ಚ ನ್ಯಾಯಾಲಯದ ಒತ್ತಾಯಗಳಿಂದ ಮಾಸಾಶನ ಬಂದಿತು, ಕೊಕ್ಕಡದಲ್ಲಿಯೂ ಕೊಯಿಲದಲ್ಲಿಯೂ ಹಗಲು ಪಾಲನಾ ಕೇಂದ್ರಗಳು ತೆರೆದುವು, ಸಂಚಾರಿ ಚಿಕಿತ್ಸಾ ವಾಹನಗಳು ಬಂದುವು. ಒಂದು ಹಂತದಲ್ಲಿ ಮಾಸಾಶನವನ್ನು ಸೇಕಡಾ 25ರಿಂದ 60ರವರೆಗಿನ ವೈಕಲ್ಯಕ್ಕೆ 1500 ರೂಪಾಯಿ, 60 ಮೀರಿದರೆ 3000 ರೂಪಾಯಿ ಎಂದು ಗೊತ್ತುಮಾಡಲಾಗಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಮುಖ್ಯ ಸೌಲಭ್ಯಗಳ ಗಡಿ ಸೇಕಡಾ 40 ಆಗಿರುವಾಗ, 25ರಿಂದಲೇ ಆರಂಭಿಸಿದ್ದು ಉದಾರವೇ. ಆದರೆ ಅಳತೆಯ ವಿದ್ಯಾರ್ಥಿಗಳಾದ ನಮಗೆ ಇಲ್ಲೊಂದು ಶಂಕೆ ಬರುವುದು. ಪ್ರಯೋಗಶಾಲೆಯಲ್ಲಿ ತಂತಿಯ ದಪ್ಪವನ್ನು ಅಳೆದರೂ ನಾವು ದೋಷದ ಪ್ರಮಾಣವನ್ನು ಬರೆಯುತ್ತೇವೆ. ವೈಕಲ್ಯವನ್ನು ಒಬ್ಬ ವೈದ್ಯರು 58 ಎಂದೂ ಇನ್ನೊಬ್ಬರು 62 ಎಂದೂ ಎಣಿಸುವುದು ಅಸಂಭವವಲ್ಲ. ಅಳತೆಯು ನಾಲ್ಕಂಶ ತೂಗಾಡಿದರೆ ಆದಾಯವು ಇಮ್ಮಡಿಯಾಗುವುದು ಅಥವಾ ಅರ್ಧಕ್ಕಿಳಿಯುವುದು. ಮೆಟ್ಟಿಲಿನ ಬದಲು ಇಳಿಜಾರು ಇದ್ದಿದ್ದರೆ ಲೇಸಾಗುತ್ತಿತ್ತು.

ಆರೈಕೆಯ ಲೆಕ್ಕಕ್ಕೆ ಬರೋಣ. ಬಯಲುಸೀಮೆಯಲ್ಲಿ 5000 ಜನಕ್ಕೆ, ಗುಡ್ಡಸೀಮೆಯಲ್ಲಿ 3000 ಜನಕ್ಕೆ ಒಂದು ಆರೋಗ್ಯ ಉಪಕೇಂದ್ರವೆಂಬುದು ನಮ್ಮ ದೇಶದ ಸೂತ್ರ. 2011ರ ಗಣತಿಯಂತೆ ಬೆಳ್ತಂಗಡಿ ತಾಲೂಕಿನಲ್ಲಿ ಸುಮಾರು 2.66 ಲಕ್ಷ ಜನ. ಅದನ್ನು ಬಯಲೆಂದರೆ 53 ಉಪಕೇಂದ್ರ, ಗುಡ್ಡವೆಂದರೆ 89. ಒಂದು ಶಬ್ದವು ಮೂವತ್ತಾರು ಕೇಂದ್ರಗಳ ಬೆಲೆಯುಳ್ಳದ್ದು! ಆದರೆ ಜನಸಂಖ್ಯೆಯ ಸೂತ್ರವು ಎಲ್ಲರಿಗೂ ಸಮಾನವಾದ ಅಗತ್ಯವಿದೆಯೆಂದು ಊಹಿಸುವುದು. ಹಾಸಿಗೆ ಬಿಟ್ಟೇಳದವರು ಒಂದೇ ಗ್ರಾಮದಲ್ಲಿ ಹತ್ತಾರು ಮಂದಿ ಇರುವಲ್ಲಿ ಅದು ಉಪಯೋಗಕ್ಕೆ ಬಾರದು. ಸಂಚಾರಿ ವಾಹನವನ್ನೇ ತೆಗೆದುಕೊಳ್ಳಿ. ತಿಂಗಳಿಗೆ 22 ದಿನ, ದಿನಕ್ಕೆ ಎಂಟು ಮನೆಗಳೆಂದು ಭಾವಿಸಿದರೆ 176 ಭೇಟಿಗಳಾದುವು. ಮೂರು ಸಾವಿರ ಜನರನ್ನು ಒಂದೇ ವಾಹನ ಒಂದು ಸುತ್ತು ಮುಗಿಸಲು ಹದಿನೇಳು ತಿಂಗಳು ಬೇಕು. ಬಿಗಿದ ಕೀಲುಗಳನ್ನು ಸಡಿಲಿಸುವ ಅಂಗಮರ್ದನಕ್ಕೆ ವಾರಕ್ಕೆ ಮೂರು ಸಲವಾದರೂ ಸಾಲದು. ಆದುದರಿಂದ ಮನೆಯವರಿಗೇ ಆ ವಿದ್ಯೆಯನ್ನು ಕಲಿಸುವುದು ವಾಹನದ ಮೊದಲ ಕೆಲಸವಾಗಬೇಕು.

ಹಾಸಿಗೆಯ ವಿಷಯವನ್ನು ಹೇಳದೆ ಮುಂದೆ ಹೋಗಲಾರೆವು. ಚರ್ಮದೊಳಗಿನ ಕಿರಿಯ ರಕ್ತನಾಳಗಳಲ್ಲಿ ರಕ್ತದ ಒತ್ತಡವು ಸುಮಾರು 32 ಮಿಲಿಮೀಟರ್ ಪಾದರಸವೆಂದು 1930ರಲ್ಲಿ ಲ್ಯಾಂಡಿಸ್ ಎಂಬ ವಿಜ್ಞಾನಿ ಅಳೆದನು. ಹೊರಗಿನ ಒತ್ತಡ ಇದನ್ನು ಬಹಳ ಹೊತ್ತು ಮೀರಿದರೆ ರಕ್ತ ಹರಿಯದೆ ಚರ್ಮವು ಸಾಯುವುದು. ಐವತ್ತು ಕಿಲೋಗ್ರಾಂ ತೂಗುವವನು ಗಟ್ಟಿ ಹಲಗೆಯ ಮೇಲೆ ಮಲಗಿದಾಗ ನೆಲ ಮುಟ್ಟುವುದು ತಲೆ, ಭುಜ, ಸೊಂಟ, ಹಿಮ್ಮಡಿಗಳು ಮಾತ್ರ. ಆ ಕ್ಷೇತ್ರ ಒಂದು ಚದರ ಮೀಟರಿನ ಹತ್ತನೆಯ ಒಂದಂಶವೆಂದರೆ ಸರಾಸರಿ ಒತ್ತಡ 37 ಮಿಲಿಮೀಟರ್ ಪಾದರಸವಾಗುವುದು. ಮೂಳೆ ಉಬ್ಬಿದಲ್ಲಿ ಇನ್ನೂ ಹೆಚ್ಚು. ನೀರು ತುಂಬಿದ ಹಾಸಿಗೆಯು ಮೈಯ ಆಕಾರಕ್ಕೆ ಬಗ್ಗಿ ಸ್ಪರ್ಶಕ್ಷೇತ್ರವನ್ನು ಎರಡೂವರೆ ಪಾಲು ಮಾಡಿದರೆ ಅದೇ ತೂಕದ ಒತ್ತಡ 15ಕ್ಕೆ ಇಳಿಯುವುದು. ಆರೋಗ್ಯವಂತನು ನಿದ್ದೆಯಲ್ಲಿಯೂ ಅರಿವಿಲ್ಲದೆ ಮಗ್ಗುಲು ಬದಲಿಸುವನು. ಇವರಿಗೆ ಅದು ಸಾಧ್ಯವಿಲ್ಲ. ಎರಡು ಗಂಟೆಗೊಮ್ಮೆ ಯಾರಾದರೂ ಹೊರಳಿಸಬೇಕು. ದಿನಕ್ಕೆ ಹನ್ನೆರಡು ಸಲ, ವರ್ಷಕ್ಕೆ 4380 ಸಲ. ಆ ಅರುವತ್ತು ವರ್ಷದ ತಾಯಿಯೇ ಮಾಡಬೇಕು, ಅವಳೇ ಅಡಿಗೆಯನ್ನೂ ಮಾಡಬೇಕು. ಒಂದು ನೀರ್ಹಾಸಿಗೆ ಮತ್ತು ವಾರಕ್ಕೆರಡು ದಿನ ಅವಳಿಗೆ ಬಿಡುವು ಕೊಡುವ ಒಬ್ಬ ಸಹಾಯಕಿ ಇವೆರಡೇ ಆ ಮನೆಯ ಜೀವನವನ್ನು ಬದಲಿಸಬಲ್ಲುವು. ವಿದ್ಯುತ್ತಿನಿಂದ ಗಾಳಿ ತುಂಬುವ ಹಾಸಿಗೆಗಳೂ ಇವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮರ ಬಿದ್ದು ತಂತಿ ಹರಿಯುವ ಘಟ್ಟದ ತಪ್ಪಲಿಗೆ ಅವು ಹೇಳಿಸಿದವಲ್ಲ.

ಮಳೆಗಾಲದ ಮಾತು ಬಂದುದರಿಂದ ಇನ್ನೊಂದು ಸಂಗತಿ. ಸೆಳವಿನ ಔಷಧವನ್ನು ಒಮ್ಮೆಲೆ ನಿಲ್ಲಿಸಿದರೆ ಬಿಟ್ಟೂ ಬಿಡದ ಸೆಳವು ಬಂದು ಪ್ರಾಣಕ್ಕೇ ಅಪಾಯವಾಗಬಹುದು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು, ಬೆಳ್ತಂಗಡಿಯ ಹಲವು ಸೇತುವೆಗಳು ಹೊಳೆಯ ಪಾಲಾದುವು. ಬಂಟ್ವಾಳವಂತೂ 1923 ಮತ್ತು 1974ರ ನೇತ್ರಾವತಿಯ ನೆರೆಗಳನ್ನು ಇನ್ನೂ ಮರೆತಿಲ್ಲ. ತಿಂಗಳಿಗೊಮ್ಮೆ ಮಾತ್ರೆ ಕೊಡುವ ಪದ್ಧತಿಯು ಬೇಸಗೆಗೆ ಸರಿ. ಮೇ ತಿಂಗಳ ಕೊನೆಗೆ ಎರಡು ತಿಂಗಳ ದಾಸ್ತಾನನ್ನು ಪ್ರತಿ ಮನೆಗೂ ತಲುಪಿಸಬೇಕು. ಯಾವ ಮನೆಯು ಯಾವ ಸೇತುವೆಯ ಆಚೆಗಿದೆಯೆಂಬ ಪಟ್ಟಿಯು ಉಪಕೇಂದ್ರದ ಗೋಡೆಯ ಮೇಲಿರಬೇಕು. ಇದಕ್ಕೆ ಹಣಕ್ಕಿಂತ ಕಾಗದ ಪೆನ್ಸಿಲುಗಳೇ ಹೆಚ್ಚು ಬೇಕಾಗುವುವು.

ಕಡೆಯದಾಗಿ ಮೂಡುಬಿದಿರೆಯ ಕಡೆಗೂ ನೋಡೋಣ. ಗೇರುತೋಪಿನ ಗಾಳಿ ಸೋಂಕದ ಒಂದು ಮನೆಯಲ್ಲಿ, ಹೆರಿಗೆಯ ವೇಳೆ ಉಸಿರು ತಡೆದು ಮೆದುಳು ನೊಂದ ಮಗುವೊಂದಿದೆ ಎನ್ನಿ. ಅದಕ್ಕೂ ಕೀಲುಗಳು ಬಿಗಿಯುವುವು, ಸೆಳವು ಬರುವುದು, ಮೈ ಹುಣ್ಣಾಗುವುದು. ಪರಿಹಾರದ ಹಣವು ಕಾರಣವನ್ನು ಕೇಳಬೇಕಾದದ್ದೇ; ಸರ್ಕಾರಿ ನಿಗಮವು ಚೆಲ್ಲಿದ ವಿಷಕ್ಕೆ ಸರ್ಕಾರವೇ ಋಣ ತೆರಬೇಕು. ಆರೈಕೆಯಾದರೋ ಕಾರಣವನ್ನು ಕೇಳಬಾರದೆಂಬುದು ನಮ್ಮ ಅಭಿಪ್ರಾಯ. ಕೊಕ್ಕಡದ ಪಾಲನಾ ಕೇಂದ್ರದಲ್ಲಿ ಕಲಿತ ಕೆಲಸಗಾರ್ತಿಯ ಕೈಗಳು ಮೂಡುಬಿದಿರೆಯ ಆ ಮಗುವಿನ ಕಾಲನ್ನೂ ನೀವಬಲ್ಲುವು. ಹಾಗೆ ಮಾಡಲು ಎರಡು ಖಾತೆಗಳ ಹಣವನ್ನು ಒಂದೇ ಯೋಜನೆಯಡಿ ತರಬೇಕಾಗುವುದು. ಸಂತ್ರಸ್ತರ ಪಟ್ಟಿಗೆ ಹೆಸರು ಸೇರಿಸಲು ಇಂದಿಗೂ ನಡೆಯುವ ಎಳೆದಾಟವು, ಪಟ್ಟಿಯ ಹೊರಗೂ ನೀರ್ಹಾಸಿಗೆ ಸಿಕ್ಕುವ ದಿನ, ಅರ್ಧಕ್ಕಾದರೂ ಇಳಿದೀತು.